ಲೋಹಕ್ಕೆ ಸಾವಿಲ್ಲ, ಲೆಕ್ಕವಾದರೂ ಇರಲಿ

ಹುಲಿಯೂರುದುರ್ಗದ ಬೆಟ್ಟ, ನೆರೆಯ ಹೇಮಗಿರಿ, ಅತ್ತ ಹುತ್ರಿದುರ್ಗ. ಈ ಕಲ್ಲುಬೆಟ್ಟಗಳ ಮೇಲೆ ಬಿದ್ದ ಮಳೆ ಹಳ್ಳವಾಗಿ ಇಳಿದು, ಕಟ್ಟೆ ಕೆರೆಗಳನ್ನು ತುಂಬಿ, ಕೊನೆಗೆ ಶಿಂಷೆಯ ಪಾಲಾಗುತ್ತದೆ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷೆ ಗುಬ್ಬಿ ಸೀಮೆಯ ಕಡಬದ ಕೆರೆಯನ್ನೂ ಕುಣಿಗಲ್ ಸೀಮೆಯ ಮಾರ್ಕೋನಹಳ್ಳಿ ಜಲಾಶಯವನ್ನೂ ದಾಟಿ, ಮದ್ದೂರಿನ ಕಡೆಗೆ ಹರಿದು ಕಾವೇರಿಯಲ್ಲಿ ಒಂದಾಗುತ್ತದೆ. ಬೇಸಿಗೆಯಲ್ಲಿ ಈ ಹಳ್ಳಗಳಲ್ಲಿ ನೀರಿನ ಹನಿಯೂ ಇರುವುದಿಲ್ಲ. ಊರುಗಳು ಬದುಕುವುದು ಕೊಳವೆಬಾವಿಗಳನ್ನು ನಂಬಿ; ಕೊಳವೆಬಾವಿಗಳು ಬದುಕುವುದು ಕೆರೆಗಳನ್ನು ನಂಬಿ. ಕೆರೆಗೆ ಏನು ಬಂದು ಸೇರುತ್ತದೆ ಎಂಬ ಪ್ರಶ್ನೆ ಇಲ್ಲಿ ಕುಡಿಯುವ ನೀರಿನ ಪ್ರಶ್ನೆಯೇ ಆಗಿದೆ.

ಈ ಪ್ರಶ್ನೆಯನ್ನು ಈಗ ಕೇಳಲು ಎರಡು ಕಾರಣಗಳಿವೆ. ಮೊದಲನೆಯದು, ಜಿಲ್ಲೆ ಕೈಗಾರಿಕೆಯ ಕಡೆಗೆ ವೇಗವಾಗಿ ಹೊರಳುತ್ತಿರುವುದು. ತುಮಕೂರಿನ ಅಂತರಸನಹಳ್ಳಿ, ವಸಂತನರಸಾಪುರ, ಕುಣಿಗಲ್ ತಾಲ್ಲೂಕಿನ ಅಂಚೇಪಾಳ್ಯಗಳಲ್ಲಿ ಕೈಗಾರಿಕಾ ಪ್ರದೇಶಗಳಿವೆ. 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡಿತು. ಅಂದೇ ತುಮಕೂರು ಕೈಗಾರಿಕಾ ನಗರ ಯೋಜನೆಗೆ ಶಿಲಾನ್ಯಾಸವೂ ನಡೆಯಿತು. ಎರಡನೆಯದು, ಬೆಂಗಳೂರಿನ ವೃಷಭಾವತಿ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ನೆಲಮಂಗಲ ಮತ್ತು ತುಮಕೂರು ಭಾಗದ ಕೆರೆಗಳಿಗೆ ತುಂಬಿಸುವ ಯೋಜನೆ. ಅದಕ್ಕೆ 2024ರಲ್ಲಿ ಅಡಿಗಲ್ಲು ಬಿದ್ದಿದೆ. ಬರದಿಂದ ಬೆಂದ ಸೀಮೆಗೆ ಉದ್ಯೋಗವೂ ಬೇಕು, ನೀರೂ ಬೇಕು. ಅದನ್ನು ಅಲ್ಲಗಳೆಯುವವರು ಹಳ್ಳಿಯ ಕಷ್ಟವನ್ನು ಅರಿಯದವರು. ಆದರೆ ಈ ಎರಡರ ಜೊತೆಗೂ ಕಣ್ಣಿಗೆ ಕಾಣದೆ ಬರಬಹುದಾದ ಒಂದು ವಸ್ತುವಿದೆ. ಅದು ಆಮ್ಲದಲ್ಲಿ ಕರಗಿದ ಭಾರಲೋಹ.

ಲೋಹದ ಕೆಲಸ ನಡೆಯುವಲ್ಲಿ ಲೇಪನದ ಕೆಲಸವೂ ನಡೆಯುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲು ಸತುವಿನ ಲೇಪ, ಹೊಳಪಿಗೆ ನಿಕಲ್, ಗಡಸುತನಕ್ಕೆ ಕ್ರೋಮಿಯಂ, ವಿದ್ಯುತ್ ಬಿಡಿಭಾಗಗಳಿಗೆ ತಾಮ್ರ. ಲೇಪಿಸುವ ಮೊದಲು ವಸ್ತುವನ್ನು ಗಂಧಕಾಮ್ಲದಲ್ಲೋ ಹೈಡ್ರೋಕ್ಲೋರಿಕ್ ಆಮ್ಲದಲ್ಲೋ ಅದ್ದಿ ತುಕ್ಕು ತೆಗೆಯುತ್ತಾರೆ. ಬಳಿಕ ಲೋಹದ ಲವಣ ಕರಗಿಸಿದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸುತ್ತಾರೆ. ತೊಟ್ಟಿಯಿಂದ ಎತ್ತಿದ ವಸ್ತುವಿಗೆ ಅಂಟಿಕೊಂಡ ದ್ರವವನ್ನು ನೀರಿನಲ್ಲಿ ಜಾಲಿಸುತ್ತಾರೆ. ಲೇಪನ ಶೆಡ್ಡಿನಿಂದ ಹೊರಬರುವ ಲೋಹದ ಬಹುಪಾಲು ಹೊರಡುವುದು ಈ ಜಾಲಿಸಿದ ನೀರಿನಲ್ಲಿ.

ಇದರ ಪರಿಣಾಮವನ್ನು ಕಾಣಲು ದೂರ ಹೋಗಬೇಕಿಲ್ಲ. ಕುಣಿಗಲ್, ಮಾಗಡಿ, ತುಮಕೂರು ಕಡೆಯ ಸಾವಿರಾರು ಯುವಕರು ದುಡಿಯುವ ಪೀಣ್ಯದಲ್ಲಿ ಸಣ್ಣ ಸಣ್ಣ ಲೇಪನ ಘಟಕಗಳು ದಶಕಗಳಿಂದ ನಡೆಯುತ್ತಿವೆ. ಅಲ್ಲಿನ ಅಂತರ್ಜಲದಲ್ಲಿ ವಿಷಕಾರಿ ಕ್ರೋಮಿಯಂ ಇರುವುದು ಬಹುಕಾಲದಿಂದ ದಾಖಲಾಗಿರುವ ಸಂಗತಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯದ ಅಂಕ ನೀಡಿದಾಗ ಪೀಣ್ಯವು ‘ತೀವ್ರ ಕಲುಷಿತ’ ವರ್ಗದಲ್ಲಿತ್ತು. 2018ರ ಮರುಮೌಲ್ಯಮಾಪನದಲ್ಲಿ ಅದಕ್ಕೂ ಮೇಲಿನ ‘ಗಂಭೀರ ಕಲುಷಿತ’ ವರ್ಗಕ್ಕೆ ಏರಿತು. ನಗರದ ಕೊಳಚೆಯೊಡನೆ ಕಾರ್ಖಾನೆಗಳ ನೀರನ್ನೂ ಹೊತ್ತ ವೃಷಭಾವತಿ ಬಿಡದಿಯ ಬಳಿಯ ಬೈರಮಂಗಲ ಕೆರೆಯನ್ನು ತುಂಬಿ, ಅರ್ಕಾವತಿಯನ್ನು ಸೇರುತ್ತದೆ. ಒಂದು ಕಾಲಕ್ಕೆ ಭತ್ತ ಬೆಳೆಯುತ್ತಿದ್ದ ಬೈರಮಂಗಲದ ಅಚ್ಚುಕಟ್ಟಿನಲ್ಲಿ ಇಂದು ಮೇವಿನ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ ಕಾಣುತ್ತವೆ. ಹುಲ್ಲನ್ನು ಹಸು ಮೇಯುತ್ತದೆ. ಹಸುವಿನ ಹಾಲು ಮತ್ತೆ ನಗರಕ್ಕೇ ಹೋಗುತ್ತದೆ.

ಭಾರಲೋಹವನ್ನು ಇತರ ಕೊಳೆಯಿಂದ ಬೇರೆಯಾಗಿ ನೋಡಬೇಕಾದ ಕಾರಣ ಒಂದೇ: ಅದಕ್ಕೆ ಸಾವಿಲ್ಲ. ಸಗಣಿ, ಮಲಮೂತ್ರ, ಕೊಳೆತ ಸೊಪ್ಪು ಇವೆಲ್ಲವನ್ನೂ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಕೀಟನಾಶಕದ ಅಣುವೂ ಕಾಲಕ್ರಮದಲ್ಲಿ ಒಡೆದುಹೋಗಬಹುದು. ಆದರೆ ನಿಕಲ್, ಕ್ಯಾಡ್ಮಿಯಂ, ಸೀಸ, ಕ್ರೋಮಿಯಂಗಳು ಮೂಲಧಾತುಗಳು. ಅವುಗಳನ್ನು ಒಡೆಯುವ ಸೂಕ್ಷ್ಮಜೀವಿ ಇಲ್ಲ, ಸುಡುವ ಬೆಂಕಿಯಿಲ್ಲ. ಅವು ರೂಪ ಬದಲಿಸಬಹುದು, ಜಾಗ ಬದಲಿಸಬಹುದು, ಅಷ್ಟೆ. ಆದುದರಿಂದಲೇ ಕೊಳಚೆ ಸಂಸ್ಕರಣಾ ಘಟಕ ಎಷ್ಟೇ ಚೆನ್ನಾಗಿ ನಡೆದರೂ ಲೋಹದ ಮಟ್ಟಿಗೆ ಅದರ ಶಕ್ತಿ ಸೀಮಿತ. ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತವೆ. ಲೋಹದ ಒಂದು ಪಾಲು ಗಸಿಗೆ ಅಂಟುತ್ತದೆ, ಉಳಿದದ್ದು ನೀರಿನೊಡನೆ ಮುಂದೆ ಹೋಗುತ್ತದೆ. ಆ ಗಸಿಯನ್ನು ಗೊಬ್ಬರವೆಂದು ಹೊಲಕ್ಕೆ ಹಾಕಿದರೆ ಲೋಹ ಹೊಲವನ್ನು ಸೇರುತ್ತದೆ.

ಜಪಾನಿನ ಟೊಯಾಮಾ ಪ್ರಾಂತ್ಯದಲ್ಲಿ ಕಾಮಿಯೋಕಾ ಗಣಿಯ ಕ್ಯಾಡ್ಮಿಯಂ ಜಿಂಜೂ ನದಿಯ ಮೂಲಕ ಭತ್ತದ ಗದ್ದೆಗಳಿಗೆ ಹರಿಯಿತು. ಆ ಅಕ್ಕಿಯನ್ನು ವರ್ಷಗಟ್ಟಲೆ ಉಂಡವರ, ಅದರಲ್ಲೂ ಮಕ್ಕಳನ್ನು ಹೆತ್ತ ನಡುವಯಸ್ಸು ದಾಟಿದ ಹೆಂಗಸರ, ಮೂಳೆಗಳು ಮೆದುವಾಗಿ ತಾವಾಗಿಯೇ ಮುರಿಯತೊಡಗಿದವು. ನೋವಿನಿಂದ ‘ಇತಾಯ್ ಇತಾಯ್’ ಎಂದು ನರಳುತ್ತಿದ್ದುದರಿಂದ ರೋಗಕ್ಕೆ ಅದೇ ಹೆಸರಾಯಿತು. ಅದು ಮಾಲಿನ್ಯದಿಂದ ಬಂದ ರೋಗವೆಂದು ಸರಕಾರ ಒಪ್ಪಿಕೊಂಡದ್ದು 1968ರಲ್ಲಿ. ಅಷ್ಟರಲ್ಲಿ ಕ್ಯಾಡ್ಮಿಯಂ ಗದ್ದೆಯ ಮಣ್ಣಿನಲ್ಲಿ ಕೂತಾಗಿತ್ತು. ಮುಂದೆ ಎಷ್ಟೋ ವರ್ಷ ಮಣ್ಣನ್ನೇ ಬದಲಿಸುವ ಕೆಲಸ ನಡೆಯಬೇಕಾಯಿತು.

ಕಾನೂನು ಇದೆಯಲ್ಲ ಎಂಬ ಉತ್ತರ ಸಾಮಾನ್ಯವಾಗಿ ಬರುತ್ತದೆ. ಕಾನೂನಿನ ಅಂಕೆಗಳನ್ನೇ ನೋಡುವುದು ಒಳ್ಳೆಯದು. ಕಾರ್ಖಾನೆಯು ಹಳ್ಳಕ್ಕೆ ಬಿಡುವ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂವರೆಗೆ ನಿಕಲ್ ಇರಬಹುದು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ನಿಕಲ್ ಮಿತಿ ಲೀಟರಿಗೆ 0.02 ಮಿಲಿಗ್ರಾಂ. ಇವೆರಡರ ನಡುವೆ 150 ಪಟ್ಟು ಅಂತರ! ತುಂಬಿ ಹರಿಯುವ ಹೊಳೆಯೊಂದು ಈ ಅಂತರವನ್ನು ತುಂಬಿಕೊಡುತ್ತದೆ ಎಂಬ ನಂಬಿಕೆಯ ಮೇಲೆ ಇಂತಹ ಮಿತಿಗಳು ನಿಂತಿವೆ. ವರ್ಷದ ಬಹುಭಾಗ ಒಣಗಿರುವ ಹಳ್ಳದಲ್ಲಿ ಆ ಹೊಳೆಯನ್ನು ಎಲ್ಲಿಂದ ತರುವುದು? ಇನ್ನೊಂದು ಲೆಕ್ಕವನ್ನು ಶಾಲೆಯ ಮಕ್ಕಳೂ ಮಾಡಬಲ್ಲರು. ದಿನಕ್ಕೆ 10 ಲಕ್ಷ ಲೀಟರ್ ನೀರು, ಪ್ರತಿ ಲೀಟರಿನಲ್ಲಿ ಕಾನೂನು ಒಪ್ಪುವ 3 ಮಿಲಿಗ್ರಾಂ ನಿಕಲ್ ಎಂದರೆ ದಿನಕ್ಕೆ 3 ಕಿಲೋ, ವರ್ಷಕ್ಕೆ ಒಂದು ಟನ್ನಿಗೂ ಹೆಚ್ಚು. ಒಬ್ಬರೂ ಕಾನೂನು ಮುರಿಯದೆಯೇ ಇಷ್ಟು ಲೋಹ ಕೆರೆಯ ಕೆಸರನ್ನು ಸೇರಬಲ್ಲದು.

ಹಾಗಾದರೆ ಪರಿಹಾರವಿಲ್ಲವೆ? ಇದೆ. ಅದರ ರಸಾಯನಶಾಸ್ತ್ರ ತೋಟದ ರೈತರಿಗೆ ಹೊಸದೂ ಅಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದಂದಿನಿಂದ ಅದು ತೋಟಗಳಲ್ಲಿ ಮನೆಮಾತು. 50 ಲೀಟರ್ ನೀರಿನಲ್ಲಿ ಒಂದು ಕಿಲೋ ಮೈಲುತುತ್ತ, ಇನ್ನೊಂದು 50 ಲೀಟರಿನಲ್ಲಿ ಒಂದು ಕಿಲೋ ಸುಣ್ಣ. ಎರಡನ್ನೂ ಬೆರೆಸಿದಾಗ ತಿಳಿನೀಲಿ ಬಣ್ಣದ ಹಾಲಿನಂಥ ದ್ರಾವಣ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟು. ಅದರ ನೀರು ಆಮ್ಲೀಯ. ಸುಣ್ಣ ಸೇರಿ ಆಮ್ಲ ತಗ್ಗಿದೊಡನೆ ಕರಗಿದ್ದ ತಾಮ್ರ ನುಣುಪಾದ ಕಣಗಳಾಗಿ ಬೇರ್ಪಡುತ್ತದೆ. ಸುಣ್ಣ ಸಾಕೇ ಎಂದು ತಿಳಿಯಲು ರೈತರು ಹೊಳೆಯುವ ಚಾಕುವನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಕಲೆ ಕಂಡರೆ ತಾಮ್ರ ಇನ್ನೂ ಕರಗಿಯೇ ಇದೆ, ಸುಣ್ಣ ಸಾಲದು ಎಂದು ಅರ್ಥ.

ಕೈಗಾರಿಕಾ ನೀರಿನಿಂದ ಲೋಹ ತೆಗೆಯುವ ಎರಡು ಹಳೆಯ ಉಪಾಯಗಳು ಈ ಒಂದು ಬಕೆಟ್ಟಿನಲ್ಲೇ ಇವೆ. ಸುಣ್ಣ ಹಾಕಿ ಲೋಹವನ್ನು ತಳಕ್ಕೆ ಇಳಿಸುವುದು ಒಂದು. ಕಬ್ಬಿಣವನ್ನು ಕೊಟ್ಟು ತಾಮ್ರವನ್ನು ಪಡೆಯುವುದು ಇನ್ನೊಂದು. ಚಾಕುವಿನ ಮೇಲಿನ ಆ ಕೆಂಪು ಕಲೆ ಅಪ್ಪಟ ತಾಮ್ರವೇ. ತಾಮ್ರ ಕರಗಿದ ಆಮ್ಲನೀರನ್ನು ಕಬ್ಬಿಣದ ಗುಜರಿಯ ಮೇಲೆ ಹರಿಸಿ ತಾಮ್ರ ತೆಗೆಯುವ ಪದ್ಧತಿ ಗಣಿಗಳಲ್ಲಿ ಶತಮಾನಗಳಷ್ಟು ಹಳೆಯದು. ಆದರೆ ಸತು ಈ ಉಪಾಯಕ್ಕೆ ಬಗ್ಗದು. ಅದು ಕಬ್ಬಿಣಕ್ಕಿಂತ ಚುರುಕಾದ ಲೋಹ. ಬೋರ್ಡೋ ದ್ರಾವಣವೇ ಇನ್ನೊಂದು ಪಾಠವನ್ನೂ ಹೇಳುತ್ತದೆ. ದಶಕಗಳ ಕಾಲ ಸಿಂಪಡಿಸಿದ ತೋಟದ ಮಣ್ಣಿನಲ್ಲಿ ತಾಮ್ರ ಸಂಗ್ರಹವಾಗುತ್ತಾ ಹೋಗುತ್ತದೆ. ಔಷಧವಾಗಿ ಬಂದರೂ ಲೋಹ ಲೋಹವೇ.

ಸುಣ್ಣದ ಉಪಾಯ ಅಗ್ಗ, ಸುಲಭ. ಹೆಚ್ಚಿನ ಘಟಕಗಳು ಅಲ್ಲಿಗೇ ನಿಲ್ಲುತ್ತವೆ. ತೊಡಕು ಇರುವುದೂ ಅಲ್ಲಿಯೇ. ಪ್ರತಿಯೊಂದು ಲೋಹವೂ ತನ್ನದೇ ಆದ ರಸಸಾರದಲ್ಲಿ, ಅಂದರೆ ಪಿಎಚ್ ಮಟ್ಟದಲ್ಲಿ, ತಳಕ್ಕಿಳಿಯುತ್ತದೆ. ಕ್ರೋಮಿಯಂ ಸುಮಾರು 8.5ರಲ್ಲಿ ಚೆನ್ನಾಗಿ ಇಳಿದರೆ ನಿಕಲ್‌ಗೆ ಸುಮಾರು 10 ಬೇಕು. ಅಷ್ಟು ಏರಿಸಿದರೆ ಕ್ರೋಮಿಯಂ ಮತ್ತೆ ಕರಗತೊಡಗುತ್ತದೆ. ಎಲ್ಲ ತೊಟ್ಟಿಗಳ ನೀರನ್ನೂ ಒಂದೇ ಗುಂಡಿಗೆ ಬಿಟ್ಟ ಮೇಲೆ ಎಲ್ಲ ಲೋಹಗಳಿಗೂ ಒಗ್ಗುವ ಮಟ್ಟವೆಂಬುದು ಇರುವುದಿಲ್ಲ. ಲೇಪನದಲ್ಲಿ ಬಳಸುವ ಷಡ್ವೇಲೆಯ ಕ್ರೋಮಿಯಂ ಇನ್ನೂ ಮೋಸಗಾರ. ಕ್ಯಾನ್ಸರ್ ತರಬಲ್ಲ, ಕೆಲಸಗಾರರ ಮೂಗಿನ ನಡುಗೋಡೆಯನ್ನೇ ತೂತು ಮಾಡಬಲ್ಲ ಈ ರೂಪ ಸುಣ್ಣಕ್ಕೆ ಜಗ್ಗುವುದೇ ಇಲ್ಲ. ಮೊದಲು ನೀರನ್ನು 2ರಿಂದ 3ರ ರಸಸಾರದ ಗಾಢ ಆಮ್ಲೀಯ ಸ್ಥಿತಿಯಲ್ಲಿಟ್ಟು, ಸೋಡಿಯಂ ಬೈಸಲ್ಫೈಟ್ ಅಥವಾ ಕಬ್ಬಿಣದ ಸಲ್ಫೇಟ್ ಬೆರೆಸಿ, ಅದನ್ನು ಸೌಮ್ಯವಾದ ತ್ರಿವೇಲೆಯ ರೂಪಕ್ಕೆ ಇಳಿಸಬೇಕು, ಆಮೇಲೆ ಸುಣ್ಣ. ಈ ಹೆಜ್ಜೆಯನ್ನು ಬಿಟ್ಟು ಸುಣ್ಣ ಸುರಿದವರ ನೀರು ಪಿಎಚ್ ಕಾಗದಕ್ಕೆ ಸರಿಯಾಗಿಯೇ ಕಾಣುತ್ತದೆ. ವಿಷ ಮಾತ್ರ ಹಾಗೆಯೇ ಹರಿಯುತ್ತದೆ.

ಇನ್ನು ತಳದಲ್ಲಿ ಕೂತ ಗಸಿಯ ಪಾಡೇನು? ಎಲ್ಲ ಲೋಹಗಳೂ ಬೆರೆತ ಆ ರಾಡಿಯಿಂದ ಯಾವುದನ್ನೂ ಲಾಭದಾಯಕವಾಗಿ ಬೇರ್ಪಡಿಸುವುದು ಕಷ್ಟ. ಅದು ಅಪಾಯಕಾರಿ ತ್ಯಾಜ್ಯವೆಂಬ ಹೆಸರು ಹೊತ್ತು ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿರುವಂತಹ ಭೂಭರ್ತಿ ನೆಲೆಗೆ ಹೋಗಬೇಕು. ಸಾಗಣೆಯ ಖರ್ಚು ಉಳಿಸಲು ರಾತ್ರೋರಾತ್ರಿ ಹಳ್ಳಕ್ಕೋ ಪಾಳುಬಾವಿಗೋ ಸುರಿದವರಿದ್ದರೆ, ಮಳೆನೀರಿನ ಜೊತೆ ಅದೇ ಲೋಹ ಮತ್ತೆ ಕರಗಿ ಹೊರಡುತ್ತದೆ. ಸರಿಯಾದ ಜಾಗಕ್ಕೇ ಹೋದರೂ ಒಂದು ಊರಿನ ನೀರಿನಲ್ಲಿದ್ದ ವಿಷ ಇನ್ನೊಂದು ಊರಿನ ನೆಲದೊಳಗೆ ಪ್ಲಾಸ್ಟಿಕ್ ಹಾಸಿನ ಮೇಲೆ ಮಲಗಿರುತ್ತದೆ. ಲೋಹವನ್ನು ನೀರಿನಿಂದ ತೆಗೆಯುವುದು ಬೇರೆ, ಬಳಕೆಗೆ ಮರಳಿ ಪಡೆಯುವುದು ಬೇರೆ. ಇದುವರೆಗಿನ ಪರಿಸರ ನಿರ್ವಹಣೆ ಮೊದಲನೆಯದರಲ್ಲಿ ತೃಪ್ತಿಪಟ್ಟಿದೆ. ಕೇಳಬೇಕಾದದ್ದು ಎರಡನೆಯದನ್ನು.

ಮರಳಿ ಪಡೆಯುವ ದಾರಿಗಳು ಹಲವು. ಮೊದಲನೆಯದು, ಲೋಹ ಹೊರಹೋಗದಂತೆ ತಡೆಯುವುದು. ತೊಟ್ಟಿಯಿಂದ ಎತ್ತಿದ ವಸ್ತುವನ್ನು ಕೆಲವು ಕ್ಷಣ ಅದರ ಮೇಲೆಯೇ ತೂಗುಬಿಟ್ಟರೆ ದ್ರವ ಮತ್ತೆ ತೊಟ್ಟಿಗೇ ತೊಟ್ಟಿಕ್ಕುತ್ತದೆ. ಜಾಲಿಸುವ ನೀರನ್ನು ಮೂರು ತೊಟ್ಟಿಗಳಲ್ಲಿ ವಸ್ತುವಿನ ಎದುರು ದಿಕ್ಕಿಗೆ ಹಾಯಿಸಿದರೆ ನೀರೂ ಬಹಳಷ್ಟು ಉಳಿಯುತ್ತದೆ, ಲೋಹವೂ ಮೊದಲ ತೊಟ್ಟಿಯಲ್ಲಿ ಗಾಢವಾಗಿ ಸಿಗುತ್ತದೆ. ಎರಡನೆಯದು ಅಯಾನು ವಿನಿಮಯ. ಮಣ್ಣಿನ ಜೇಡಿಕಣಗಳು ಪೊಟ್ಯಾಷ್, ಸುಣ್ಣಗಳನ್ನು ಹಿಡಿದಿಟ್ಟುಕೊಂಡು ಬೇರಿಗೆ ಬಿಟ್ಟುಕೊಡುವುದನ್ನು ಕೃಷಿ ವಿದ್ಯಾರ್ಥಿಗಳು ಓದಿರುತ್ತಾರೆ. ಅದೇ ಗುಣವುಳ್ಳ ರಾಳದ ಮಣಿಗಳ ಮೇಲೆ ತೆಳು ನೀರನ್ನು ಹರಿಸಿದರೆ ನಿಕಲ್ ಮಣಿಗಳಿಗೆ ಅಂಟುತ್ತದೆ. ಸ್ವಲ್ಪ ಆಮ್ಲದಿಂದ ತೊಳೆದರೆ ಗಾಢ ದ್ರಾವಣವಾಗಿ ಕೈಗೆ ಬರುತ್ತದೆ. ಮೂರನೆಯದಾಗಿ, ಆ ಗಾಢ ದ್ರಾವಣಕ್ಕೆ ವಿದ್ಯುತ್ ಹಾಯಿಸಿದರೆ ಲೋಹ ತಗಡಾಗಿಯೇ ಕೂರುತ್ತದೆ. ಲೇಪನದ ಕೆಲಸಗಾರರಿಗೆ ಈ ವಿದ್ಯೆ ಕರಗತವೇ ಆಗಿದೆ.

ನಾಲ್ಕನೆಯದು ಸೂಕ್ಷ್ಮಜೀವಿಗಳದು. ನೀರು ನಿಂತ ಗದ್ದೆಯ ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುವುದು ಸಲ್ಫೇಟನ್ನು ಸಲ್ಫೈಡಾಗಿಸುವ ಬ್ಯಾಕ್ಟೀರಿಯಾಗಳಿಂದ. ಆ ಸಲ್ಫೈಡು ಲೋಹವನ್ನು ಸುಣ್ಣಕ್ಕಿಂತ ಬಿಗಿಯಾಗಿ ಹಿಡಿದು ತಳಕ್ಕಿಳಿಸುತ್ತದೆ. ನೆದರ್‌ಲ್ಯಾಂಡ್ಸಿನ ಬುಡೆಲ್‌ನ ಸತುವಿನ ಕಾರ್ಖಾನೆಯಲ್ಲಿ 1992ರಿಂದ ಕಲುಷಿತ ಅಂತರ್ಜಲವನ್ನು ಇದೇ ಬ್ಯಾಕ್ಟೀರಿಯಾಗಳಿಂದ ಶುದ್ಧೀಕರಿಸಿ, ಸಿಕ್ಕ ಸತುವಿನ ಸಲ್ಫೈಡನ್ನು ಮತ್ತೆ ಕುಲುಮೆಗೇ ಹಾಕುವ ವ್ಯವಸ್ಥೆ ಕೆಲಸ ಮಾಡಿತು. ತೆಂಗಿನ ನಾರಿನ ಹುಡಿ, ಹುಣಸೆ ಸಿಪ್ಪೆ, ಭತ್ತದ ಹೊಟ್ಟು ಲೋಹವನ್ನು ಹೀರಿಕೊಳ್ಳುವ ಬಗ್ಗೆಯೂ ಪ್ರಯೋಗಾಲಯಗಳಲ್ಲಿ ಬಹಳ ಅಧ್ಯಯನ ನಡೆದಿದೆ. ತೆಂಗಿನ ನಾಡಾದ ತುಮಕೂರಿಗೆ ಇದು ಆಕರ್ಷಕ ಸುದ್ದಿ. ಎಚ್ಚರಿಕೆಯೂ ಅಷ್ಟೇ ಅಗತ್ಯ. ಲೋಹ ಹೀರಿದ ನಾರಿನ ಹುಡಿ ಅಪಾಯಕಾರಿ ತ್ಯಾಜ್ಯ. ಅದನ್ನು ಆಮ್ಲದಿಂದ ತೊಳೆದು ಲೋಹ ಪಡೆಯದೆ ತೋಟಕ್ಕೆ ಗೊಬ್ಬರವಾಗಿ ಹಾಕಿದರೆ ರೋಗವನ್ನು ಮನೆಗೆ ಹೊತ್ತು ತಂದಂತೆ.

ಈ ಎಲ್ಲ ವಿಧಾನಗಳಿಗೂ ಒಂದು ಷರತ್ತು ಸಮಾನ. ನೀರು ಬೆರೆಯಬಾರದು. ನಿಕಲ್ ನೀರು ನಿಕಲ್ ನೀರಾಗಿ, ಕ್ರೋಮಿಯಂ ನೀರು ಕ್ರೋಮಿಯಂ ನೀರಾಗಿ ಶೆಡ್ಡಿನ ಒಳಗೇ ಬೇರೆಬೇರೆ ಉಳಿಯಬೇಕು. ಗಾಢವಾಗಿ, ಒಂಟಿಯಾಗಿ ಇರುವಾಗ ಲೋಹ ಸರಕು. ಭಾರತ ನಿಕಲ್‌ಗಾಗಿ ಆಮದನ್ನೇ ನೆಚ್ಚಿಕೊಂಡಿದೆ, ಅದು ತಾಮ್ರಕ್ಕಿಂತಲೂ ದುಬಾರಿ. ಚರಂಡಿ ಸೇರಿ ಕೋಟಿ ಲೀಟರ್ ಕೊಳಚೆಯಲ್ಲಿ ಬೆರೆತ ಮೇಲೆ ಅದೇ ಲೋಹ ಬರಿಯ ವಿಷ. ಚರಂಡಿಯ ತುದಿಯಲ್ಲಿ ನೂರಾರು ಕೋಟಿ ರೂಪಾಯಿಯ ಘಟಕ ಕಟ್ಟಿದರೂ ಮಾಡಲಾಗದ ಕೆಲಸವನ್ನು ಚರಂಡಿಯ ತಲೆಯಲ್ಲಿ ನಾಲ್ಕು ಕೊಳಾಯಿಗಳನ್ನು ಬೇರ್ಪಡಿಸಿ ಮಾಡಬಹುದು.

ಸಣ್ಣ ಘಟಕಗಳ ಕಷ್ಟವನ್ನು ಕಡೆಗಣಿಸುವುದು ನ್ಯಾಯವಲ್ಲ. ಹತ್ತು ಜನರಿಗೆ ಕೆಲಸ ಕೊಡುವ ಶೆಡ್ಡಿನ ಮಾಲೀಕನಿಗೆ ರಾಳದ ಗೋಪುರವನ್ನೂ ರಸಾಯನಜ್ಞನನ್ನೂ ಇಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಕೆಲಸ ಮಾಡಿಸಿಕೊಳ್ಳುವ ದೊಡ್ಡ ಕಂಪನಿ ಬಿಡಿಭಾಗವನ್ನು ಮಾತ್ರ ಒಯ್ಯುತ್ತದೆ, ಆಮ್ಲವನ್ನು ಶೆಡ್ಡಿನಲ್ಲೇ ಬಿಟ್ಟುಹೋಗುತ್ತದೆ. ಆದುದರಿಂದ ಹೊಸ ಕೈಗಾರಿಕಾ ಪ್ರದೇಶಗಳಲ್ಲಿ ಲೇಪನ ಘಟಕಗಳಿಗೆ ಒಂದೇ ಕಡೆ ಜಾಗ, ಲೋಹಕ್ಕೊಂದರಂತೆ ಪ್ರತ್ಯೇಕ ಕೊಳವೆ, ಎಲ್ಲರಿಗೂ ಸೇರಿ ಒಂದು ಮರುಪಡೆಯುವ ಕೇಂದ್ರ ಇರುವಂತೆ ಮೊದಲ ನಕ್ಷೆಯಲ್ಲೇ ಯೋಜಿಸಬೇಕು. ಅದರ ಖರ್ಚಿನಲ್ಲಿ ದೊಡ್ಡ ಕಂಪನಿಗಳೂ ಪಾಲು ಹೊರಬೇಕು. ಕಟ್ಟಿಯಾದ ಮೇಲೆ ನೆಲ ಅಗೆದು ಕೊಳವೆ ಬೇರ್ಪಡಿಸುವುದು ಎಷ್ಟು ಕಷ್ಟವೆಂಬುದಕ್ಕೆ ಪೀಣ್ಯವೇ ಸಾಕ್ಷಿ. ತುಮಕೂರು ಜಿಲ್ಲೆಯ ಬಹಳಷ್ಟು ನಿವೇಶನಗಳು ಇನ್ನೂ ಖಾಲಿ ಇವೆ. ಇದು ಉಳಿದಿರುವ ಅವಕಾಶ.

ಗ್ರಾಮ ಪಂಚಾಯಿತಿಗಳಿಗೂ ಕಾಲೇಜುಗಳಿಗೂ ಇಲ್ಲಿ ಕೆಲಸವಿದೆ. ಅಪಾಯಕಾರಿ ತ್ಯಾಜ್ಯ ಕುರಿತ 2016ರ ನಿಯಮಗಳು ತಡೆ, ಕಡಿತ, ಮರುಬಳಕೆ, ಮರುಚಕ್ರೀಕರಣ, ಮರುಪಡೆಯುವಿಕೆಗಳನ್ನು ಮುಂದಿಟ್ಟು, ಹೂಳುವುದನ್ನು ಕಟ್ಟಕಡೆಗೆ ಇಟ್ಟಿವೆ. ಅದೇ ನಿಯಮಗಳ ಪ್ರಕಾರ ಪ್ರತಿ ಘಟಕವೂ ತನ್ನ ತ್ಯಾಜ್ಯದ ವಾರ್ಷಿಕ ಲೆಕ್ಕವನ್ನು ನಮೂನೆ 4ರಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು. ಗಸಿ ಸಾಗಿಸುವ ಪ್ರತಿ ಲಾರಿಗೂ ನಮೂನೆ 10ರ ರಹದಾರಿ ಇರಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಇವನ್ನು ಯಾವ ನಾಗರಿಕನೂ ಕೇಳಬಹುದು. ಕೊಂಡ ಲೋಹವೆಷ್ಟು, ವಸ್ತುಗಳ ಮೇಲೆ ಕೂತದ್ದೆಷ್ಟು, ಗಸಿಯಲ್ಲಿ ಹೋದದ್ದೆಷ್ಟು, ಮರಳಿ ಪಡೆದದ್ದೆಷ್ಟು? ಕೊಟ್ಟಿಗೆಯ ಹಾಲಿನ ಲೆಕ್ಕ ಇಡುವ ಗೃಹಿಣಿಗೆ ಅರ್ಥವಾಗುವಷ್ಟು ಸರಳವಾದ ಲೆಕ್ಕವಿದು. ಕೂಡಿದಾಗ ಕೊಂಡದ್ದಕ್ಕಿಂತ ಕಡಿಮೆ ಬಂದರೆ, ಉಳಿದದ್ದು ಯಾರದೋ ನೀರಿನಲ್ಲಿದೆ ಎಂದೇ ಅರ್ಥ.

ಸಂಸ್ಕರಿಸಿದ ನೀರು ಕೆರೆಗೆ ಬರುವ ಮುನ್ನವೇ ಆ ಕೆರೆಯ ನೀರು, ಕೆಸರು, ಸುತ್ತಲಿನ ಕೊಳವೆಬಾವಿಗಳ ಲೋಹದ ಪ್ರಮಾಣವನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಅಳೆಸಿ ಪಂಚಾಯಿತಿಯ ಕಡತದಲ್ಲಿಡುವುದು ಇನ್ನೊಂದು ತುರ್ತು ಕೆಲಸ. ಮೊದಲಿನ ಅಳತೆ ಇಲ್ಲದಿದ್ದರೆ ನಾಳೆ ಕೇಡು ಬಂದಾಗ ಅದು ಮೊದಲೇ ಇತ್ತೆಂಬ ಮಾತಿಗೆ ಉತ್ತರ ಇರುವುದಿಲ್ಲ. 2018ರಲ್ಲಿ ಕೋಲಾರದ ಕೆರೆಗಳಿಗೆ ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸಿದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಹರಿದ ಕೆಲವೇ ವಾರಗಳಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನೊರೆ ಕಣ್ಣಿಗೆ ಕಾಣುತ್ತದೆ, ಜನ ಕೂಗುತ್ತಾರೆ. ನಿಕಲ್ ನೊರೆ ಏಳಿಸುವುದಿಲ್ಲ, ಕ್ಯಾಡ್ಮಿಯಂಗೆ ವಾಸನೆಯಿಲ್ಲ. ಲೋಹ ಕರಗಿದ ನೀರು ಎಳನೀರಿನಷ್ಟು ತಿಳಿಯಾಗಿರಬಲ್ಲದು.

ಕಲ್ಲುಬೆಟ್ಟದ ಸೀಮೆಯಲ್ಲಿ ಅಂತರ್ಜಲ ಇರುವುದು ಬಂಡೆಯ ಬಿರುಕುಗಳಲ್ಲಿ. ಆ ಬಿರುಕುಗಳಿಗೆ ಇಳಿದ ಲೋಹವನ್ನು ಮತ್ತೆ ಎತ್ತುವ ಯಂತ್ರವನ್ನು ಬಡ ಪಂಚಾಯಿತಿಯೊಂದು ಕೊಳ್ಳಲಾರದು. ಕಾರ್ಖಾನೆಯ ತೊಟ್ಟಿಯಲ್ಲಿರುವಾಗ ಅದನ್ನು ಹಿಡಿಯಬಹುದು, ತೂಗಬಹುದು, ಮಾರಲೂಬಹುದು. ಆದುದರಿಂದ ಕುಣಿಗಲ್, ಗುಬ್ಬಿ, ತುಮಕೂರು ತಾಲ್ಲೂಕುಗಳ ಗ್ರಾಮಸಭೆಗಳು ಹೊಸ ಕಾರ್ಖಾನೆಯನ್ನು ಸ್ವಾಗತಿಸುವ ಮುನ್ನ, ಹೊಸ ನೀರಿಗೆ ಬಾಗಿನ ಅರ್ಪಿಸುವ ಮುನ್ನ, ಲೋಹದ ಲೆಕ್ಕವನ್ನು ಬರಹದಲ್ಲಿ ಕೇಳಿ ಪಡೆಯಲಿ.